ಯಶೋಧಾ ಮಗಳನ್ನು ಬಿಟ್ಟುಕೊಟ್ಟದ್ದು

ತೋಡಾರಿನ ಒಳರಸ್ತೆಯ ಹಾಲಿನ ಸೊಸೈಟಿಯಲ್ಲಿ ಯಶೋಧಾ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದಳು. ಬೆಳಿಗ್ಗೆ ಆರಕ್ಕೆ ಅವಳು ಬಾಗಿಲು ತೆರೆಯುವ ಹೊತ್ತಿಗೆ ನಾಲ್ಕೈದು ಜನ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಒಬ್ಬೊಬ್ಬರ ಹಾಲನ್ನೂ ಅಳೆದು, ಸ್ವಲ್ಪವನ್ನು ಯಂತ್ರಕ್ಕೆ ಕೊಟ್ಟು, ಫ್ಯಾಟ್ ಎಷ್ಟು ಬಂತೆಂದು ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ನೀರು ಸೇರಿಸಿ ತಂದವರನ್ನು ಅವಳು ಬೈಯುತ್ತಿರಲಿಲ್ಲ. ಯಂತ್ರದ ಮುಖವನ್ನು ಮೆಲ್ಲನೆ ಅವರ ಕಡೆಗೆ ತಿರುಗಿಸಿ, ಅವರೇ ಓದಿಕೊಳ್ಳುವವರೆಗೆ ಸುಮ್ಮನೆ ನಿಲ್ಲುತ್ತಿದ್ದಳು. ಊರವರು ಅವಳ ಬಾಯಿಗಿಂತ ಈ ಸುಮ್ಮನಿರುವುದಕ್ಕೇ ಹೆಚ್ಚು ಹೆದರುತ್ತಿದ್ದರು. ನಾಳೆ ಆಗಬೇಕಾದ ಕೆಲಸ ಇವತ್ತೇ ಮುಗಿದಿರಬೇಕು ಎನ್ನುವ ಹೆಂಗಸು ಅವಳು. ಮಳೆಗಾಲಕ್ಕೆ ಬೇಕಾದ ಸೌದೆ ಅವಳ ಮನೆಯಲ್ಲಿ ಫೆಬ್ರವರಿಯಲ್ಲೇ ಅಟ್ಟ ಸೇರುತ್ತಿತ್ತು.

ಗಂಡ ಸನತ್‌ಕುಮಾರನಿಗೆ ಮೂಡುಬಿದಿರೆ ಪೇಟೆಯಲ್ಲಿ ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ದಿನವಿಡೀ ತಾಮ್ರದ ತಂತಿ ಸುತ್ತುವವನು, ಮಾತು ಕಡಿಮೆ. ಮದುವೆಯಾಗಿ ಐದು ವರ್ಷದ ಮೇಲೆ ಹುಟ್ಟಿದವಳು ತನ್ವಿ. ಅಷ್ಟು ಕಾದು ಬಂದ ಮಗುವನ್ನು ಯಶೋಧಾ ಯಾರ ಕೈಗೂ ಕೊಡುತ್ತಿರಲಿಲ್ಲ. ಸೊಸೈಟಿಯಲ್ಲಿ ಮೇಜಿನ ಪಕ್ಕ ಬಟ್ಟೆ ಹಾಸಿ ಮಲಗಿಸಿಕೊಂಡೇ ಹಾಲು ಅಳೆದಳು. ನಡೆಯಲು ಕಲಿತ ಮೇಲೆ ತನ್ವಿ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ತಿರುಗುತ್ತಿದ್ದಳು. ಬಸದಿಗೆ ಹೋದರೂ ಹಾಗೆ, ಅಂಗಡಿಗೆ ಹೋದರೂ ಹಾಗೆ.

ತನ್ವಿಗೆ ನಾಲ್ಕು ತುಂಬಿದ ವರ್ಷ ಯಶೋಧಾಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ಆರು ಸಲ ಕೀಮೋ ಆಯಿತು, ಆಮೇಲೆ ಐದು ವಾರ, ಊರವರು ಕರೆಂಟು ಕೊಡುವುದು ಎನ್ನುವ ರೇಡಿಯೇಶನ್ ಚಿಕಿತ್ಸೆಯೂ ಆಯಿತು. ಪಕ್ಕದ ಮನೆಯ ಅಸ್ಕರ್ ತನ್ನ ಓಮ್ನಿಯಲ್ಲಿ ಕರೆದುಕೊಂಡು ಹೋಗುತ್ತಿದ್ದ. ಜೈನರಾದ ಇವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಅವನಿಗೆ ಗೊತ್ತು. ಹಿಂದೆ ಬರುವಾಗ ಕೈಕಂಬದ ಹತ್ತಿರ ರಸ್ತೆ ಅಗೆದಿಟ್ಟು ವಾಹನಗಳು ಸಾಲುಗಟ್ಟಿದರೆ, ಅವನು ಪಡುವಣದ ಕಡೆ ಒಮ್ಮೆ ನೋಡಿ, ಎಲ್ಲಾದರೂ ಬದಿಗೆ ನಿಲ್ಲಿಸಿ, "ಅಕ್ಕ, ಇಲ್ಲಿಯೇ ತಿಂದುಬಿಡಿ, ಮತ್ತೆ ಹೊತ್ತಾಗ್ತದೆ" ಎನ್ನುತ್ತಿದ್ದ. ಡಬ್ಬಿಯ ಗಂಜಿಯನ್ನು ಅವಳು ಗಾಡಿಯೊಳಗೇ ಕುಡಿಯುತ್ತಿದ್ದಳು. ಕುಡಿದದ್ದು ಎಷ್ಟೋ ಸಲ ತೋಡಾರು ಮುಟ್ಟುವ ಮೊದಲೇ ಹೊರಗೆ ಬರುತ್ತಿತ್ತು. ಮೊಟ್ಟೆ ತಿನ್ನಬೇಕೆಂದು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯನ್ನು ಮಡಚಿಟ್ಟು, ಹೆಸರುಕಾಳು ಮೊಳಕೆ ಕಟ್ಟಿ ತಿಂದಳು. ಸನತ್‌ಕುಮಾರನ ಮೈಗೆ ಅಂಟಿದ ವಾರ್ನಿಶ್ ವಾಸನೆಗೆ ಅವಳಿಗೆ ವಾಂತಿ ಬರುತ್ತಿದ್ದುದರಿಂದ ಅವನು ಅಂಗಳದ ನಲ್ಲಿಯಲ್ಲಿ ಮಿಂದೇ ಒಳಗೆ ಬರುತ್ತಿದ್ದ. ಆ ಕಾಲದಲ್ಲೂ ತನ್ವಿ ಅಮ್ಮನನ್ನು ಬಿಡಲಿಲ್ಲ. ಕೂದಲು ಉದುರಿದ ತಲೆಯನ್ನು ಸವರಿ ನೋಡಿ ನಕ್ಕಳು. ಸೆರಗಿನ ಬದಲು ನೈಟಿಯ ತುದಿ ಹಿಡಿದುಕೊಂಡಳು, ಅಷ್ಟೆ.

ಕೂದಲು ಮತ್ತೆ ಬಂತು. ಯಶೋಧಾ ಸೊಸೈಟಿಗೆ ಹೋಗತೊಡಗಿದಳು. ಇದಾಗಿ ಹತ್ತು ತಿಂಗಳಿಗೆ, ಒಂದು ಬೆಳಿಗ್ಗೆ ತುಂಬಿದ ಕ್ಯಾನನ್ನು ಬಾಗಿಲ ತನಕ ಎಳೆಯುವಾಗ ಸೊಂಟದಲ್ಲಿ ಏನೋ ಹಿಡಿದಂತಾಯಿತು. ಎಣ್ಣೆ ಹಚ್ಚಿದರೆ ಹೋಗಲಿಲ್ಲ, ಮಾತ್ರೆಗೂ ಹೋಗಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯಲ್ಲಿ, ಸೊಂಟದ ಮೂಳೆಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಕಂಡವು.

"ಪೂರ್ತಿ ಗುಣ ಮಾಡುವ ಹಂತ ದಾಟಿದೆ, ಯಶೋಧಾ ಅವರೇ," ಎಂದರು ಡಾಕ್ಟರಮ್ಮ. "ಇನ್ನು ಹಿಡಿದು ನಿಲ್ಲಿಸಲಿಕ್ಕೆ ನೋಡುವ."

"ಎಷ್ಟು ಸಮಯ ನಿಲ್ಲಿಸಬಹುದು?"

"ಅದು ಹೇಳಲಿಕ್ಕೆ ಆಗುದಿಲ್ಲ. ಕೆಲವರಿಗೆ ಒಂದು ವರ್ಷ. ಕೆಲವರಿಗೆ ತುಂಬಾ ಹೆಚ್ಚು. ಹೊಸ ಹೊಸ ಮಾತ್ರೆಗಳು ಬಂದಿವೆ."

ಯಶೋಧಾಳ ಕಿವಿಗೆ ಬಿದ್ದದ್ದು ಒಂದು ವರ್ಷ ಎನ್ನುವುದಷ್ಟೇ. ಮಿಕ್ಕದ್ದನ್ನು ಅವಳು ಸಮಾಧಾನದ ಮಾತೆಂದು ಬದಿಗಿಟ್ಟಳು. ಜನ ಹಾಲಿಗೆ ನೀರು ಸೇರಿಸುವುದನ್ನು ಒಂಬತ್ತು ವರ್ಷ ನೋಡಿದವಳು ಅವಳು. ತನ್ವಿ ಆಗ ಒಂದನೇ ಕ್ಲಾಸಿಗೆ ಸೇರಲಿದ್ದಳು. ಒಂದು ವರ್ಷವೆಂದರೆ ಮಗು ಎರಡನೇ ಕ್ಲಾಸಿಗೆ ಹೋಗುವಾಗ ತಾನಿರುವುದಿಲ್ಲ.

ಅಸ್ಕರನ ಗಾಡಿಯಲ್ಲಿ ಹಿಂದೆ ಬರುವಾಗ ಅವಳಿಗೆ ನೆನಪಾದದ್ದು ತಮ್ಮ ಜಯಪ್ರಕಾಶ್. ಅವಳ ತವರು ಮುಂಡಾಜೆ, ಚಾರ್ಮಾಡಿಗೆ ಹೋಗುವ ರಸ್ತೆಯ ಬದಿಯ ಮನೆ. ಅವಳಿಗೆ ಹತ್ತು ವರ್ಷ, ತಮ್ಮನಿಗೆ ಐದು ವರ್ಷವಿದ್ದಾಗ ಅಮ್ಮ ಜ್ವರವೆಂದು ಬಸ್ಸು ಹತ್ತಿ ಬೆಳ್ತಂಗಡಿಯ ಆಸ್ಪತ್ರೆಗೆ ಹೋದವರು ಜೀವಂತವಾಗಿ ಬರಲಿಲ್ಲ. ಹೆಣ ತಂದಾಗ ಸಣ್ಣವನಿಗೆ ತೋರಿಸುವುದು ಬೇಡವೆಂದು ಯಾರೋ ಅವನನ್ನು ಬೇರೆ ಮನೆಗೆ ಕರೆದುಕೊಂಡು ಹೋಗಿದ್ದರು. ಆಮೇಲೆ ಮೂರು ತಿಂಗಳು ಅವನು ರಸ್ತೆಬದಿಯಲ್ಲಿ ನಿಂತ. ಬೆಳ್ತಂಗಡಿ ಕಡೆಯಿಂದ ಬರುವ ಒಂದೊಂದು ಬಸ್ಸಿಗೂ ಮುಂದೆ ಹೋಗಿ, ಇಳಿಯುವವರ ಮುಖ ನೋಡಿ, ಹಿಂದೆ ಬಂದು ಕಲ್ಲಿನ ಮೇಲೆ ಕೂರುತ್ತಿದ್ದ. ಒಳಗೆ ಕರೆದರೆ ಕಿರುಚಿ ಕೈ ಕಚ್ಚುತ್ತಿದ್ದ. ದೊಡ್ಡಕ್ಕ ನೀಲಾವತಿ ಅಲ್ಲಿಗೇ ಅನ್ನ ತಂದು, ಬಸ್ಸು ಮತ್ತು ಬಸ್ಸಿನ ನಡುವೆ ಒಂದೊಂದು ತುತ್ತು ತಿನ್ನಿಸಿ ಅವನನ್ನು ಬದುಕಿಸಿದಳು. ನೀಲಾವತಿಗೆ ಆಗ ಹದಿನೈದು. ಅವಳಿಗೆ ಮುಂದೆ ಮದುವೆಯಾಗಿ, ಮಕ್ಕಳಾಗದೆ, ಗಂಡ ತೀರಿಹೋಗಿ, ಈಗ ಅದೇ ಮುಂಡಾಜೆಯ ಮನೆಯಲ್ಲಿ ತಮ್ಮನ ಸಂಸಾರದ ಅಡಿಗೆ ನೋಡಿಕೊಂಡಿದ್ದಳು.

ಮರುದಿನ ಯಶೋಧಾ ಅಕ್ಕನಿಗೆ ಫೋನು ಮಾಡಿದಳು. ಅಳಲಿಲ್ಲ.

"ನೀನು ಬಟ್ಟೆಬರೆ ಎಲ್ಲ ತೆಗೆದುಕೊಂಡೇ ಬಾ. ಹಿಂದೆ ಹೋಗಲಿಕ್ಕೆ ಇಲ್ಲ ಅಂತಲೇ ತಿಳಿದುಕೊಂಡು ಬಾ."

ನೀಲಾವತಿ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ, ಎರಡು ಚೀಲ ಹಿಡಿದು ಬಂದಳು. ಬಂದ ಮೂರನೇ ದಿನ, ಸನತ್‌ಕುಮಾರ ಅಂಗಡಿಗೆ, ತನ್ವಿ ಅಂಗನವಾಡಿಗೆ ಹೋದ ಮೇಲೆ, ಯಶೋಧಾ ಅವಳನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡಳು.

"ಇವತ್ತಿನಿಂದ ಅವಳ ಜಡೆ ನೀನು ಹಾಕು. ಊಟ ನೀನು ಮಾಡಿಸು. ಮಲಗುವುದೂ ನಿನ್ನ ಹತ್ತಿರ."

"ಆಯ್ತು, ನಿನಗೆ ಸುಸ್ತು ಉಂಟಲ್ಲ. ಮಾಡ್ತೇನೆ."

"ಸುಸ್ತು ಅಂತ ಅಲ್ಲ ಅಕ್ಕ. ನೀನು ಅವಳಿಗೆ ಬೈಯಬಾರದು. ಬೈಯುವುದಿದ್ದರೆ ನನಗೆ ಹೇಳು, ನಾನು ಬೈತೇನೆ. ಮುದ್ದು ಮಾಡುವುದು ಮಾತ್ರ ನೀನು."

ನೀಲಾವತಿ ತಂಗಿಯ ಮುಖ ನೋಡಿದಳು. ಅರ್ಥವಾದಾಗ ಅವಳು ಎದ್ದು ನಿಂತು, "ಇದು ನನ್ನಿಂದ ಆಗುದಿಲ್ಲ ಮಾರಾಯ್ತಿ. ನಾಳೆ ಬಸ್ಸಿಗೆ ನಾನು ಹೋಗ್ತೇನೆ" ಎಂದಳು.

"ಹೋಗು. ಜಯ ಎಷ್ಟು ದಿನ ರಸ್ತೆಯಲ್ಲಿ ನಿಂತಿದ್ದ ಅಂತ ನಿನಗೆ ಮರೆತು ಹೋಗಿದ್ದರೆ ಹೋಗು."

ನೀಲಾವತಿ ಹೋಗಲಿಲ್ಲ.

ಮೊದಲ ತಿಂಗಳುಗಳು ತನ್ವಿಗೆ ಏನೂ ತಿಳಿಯಲಿಲ್ಲ. ಅವಳು ಎಂದಿನಂತೆ ಅಮ್ಮನ ಹತ್ತಿರವೇ ಓಡಿ ಬರುತ್ತಿದ್ದಳು. ಒಂದು ಸಂಜೆ ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಹೋಯಿತು. ರಕ್ತ ಇಳಿಯುತ್ತಿದ್ದ ಕಾಲಿನಲ್ಲೇ ಅಳುತ್ತಾ ಜಗಲಿಗೆ ಬಂದು, ಕುರ್ಚಿಯಲ್ಲಿ ಕೂತಿದ್ದ ಯಶೋಧಾಳ ಮಡಿಲಿಗೆ ತಲೆ ತೂರಿಸಿದಳು. ಯಶೋಧಾ ಅವಳ ಎರಡೂ ಭುಜ ಹಿಡಿದು ಹಿಂದಕ್ಕೆ ಸರಿಸಿದಳು.

"ನೋಡಿ ನಡೆಯಲಿಕ್ಕೆ ಆಗುದಿಲ್ಲವಾ ನಿನಗೆ? ಹೋಗು, ದೊಡ್ಡಮ್ಮನ ಹತ್ತಿರ ಹೋಗು."

ಮಗು ಅಳು ನಿಲ್ಲಿಸಿ ನೋಡಿತು. ನೋವಿಗಿಂತ ಇದು ದೊಡ್ಡದೆಂದು ಅದಕ್ಕೆ ಅನ್ನಿಸಿರಬೇಕು. ಯಶೋಧಾ ಪಕ್ಕದಲ್ಲಿದ್ದ ಪೇಪರು ತೆಗೆದು ಮುಖಕ್ಕೆ ಅಡ್ಡ ಹಿಡಿದಳು. ಒಳಗಿನಿಂದ ನೀಲಾವತಿ ಓಡಿ ಬಂದು ಎತ್ತಿಕೊಂಡು ಹೋದಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಊದುವ ಸದ್ದು, ಬಿಕ್ಕಳಿಕೆ, ಕೊನೆಗೆ ಸಣ್ಣದೊಂದು ನಗು, ಎಲ್ಲವನ್ನೂ ಯಶೋಧಾ ಪೇಪರಿನ ಹಿಂದೆ ಕೂತು ಕೇಳಿದಳು. ಮಡಿಲಲ್ಲಿ ನೈಟಿಯ ಮೇಲೆ ಒಂದು ರಕ್ತದ ಕಲೆ ಇತ್ತು. ಅದನ್ನು ಅವಳು ಆ ದಿನ ತೊಳೆಯಲು ಹಾಕಲಿಲ್ಲ.

"ಅಮ್ಮನಿಗೆ ನನ್ನ ಮೇಲೆ ಕೋಪವಾ ಅಂತ ಕೇಳಿದಳು," ಎಂದಳು ನೀಲಾವತಿ ಮರುದಿನ. "ನಾನು ಎಂತ ಹೇಳುದು?"

"ಅಮ್ಮ ಯಾವಾಗಲೂ ಹಾಗೆಯೇ ಅಂತ ಹೇಳು."

ಸನತ್‌ಕುಮಾರ ಬೆಳಿಗ್ಗೆ ಹೋದವನು ಸಂಜೆ ಬರುವವನು. ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವುದು, ರಕ್ತ ಪರೀಕ್ಷೆಯ ಕಾಗದ ತರುವುದು, ತನ್ವಿಯನ್ನು ಶಾಲೆಗೆ ಬಿಡುವುದು, ನಡುವೆ ಸುಟ್ಟ ಮೋಟಾರುಗಳನ್ನು ಬಿಚ್ಚುವುದು, ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ಯಶೋಧಾ ದೂರ ಕೂರುವುದು ಮೈ ನೋವಿನಿಂದ ಎಂದೇ ಅವನು ತಿಳಿದಿದ್ದ. ಅವನಿಗೆ ಗೊತ್ತಾದದ್ದು ಶಾಲೆಯ ಪೋಷಕರ ಸಭೆಯ ದಿನ. ಯಶೋಧಾ ಅವತ್ತು ಚೆನ್ನಾಗಿಯೇ ಇದ್ದಳು. ಆದರೂ ನೀಲಾವತಿಯನ್ನು ಕಳಿಸಿದಳು. ಶಾಲೆಯಲ್ಲಿ ಟೀಚರು, "ತನ್ವಿಯ ಅಮ್ಮ ನೀವಾ?" ಎಂದಾಗ ನೀಲಾವತಿ ಉತ್ತರ ಹೇಳುವ ಮೊದಲೇ ತನ್ವಿ, "ಹೌದು" ಎಂದಿದ್ದಳಂತೆ. ಇದನ್ನು ಹೇಳಿ ನೀಲಾವತಿ ಅತ್ತಳು. ಯಶೋಧಾ, "ಒಳ್ಳೆದಾಯ್ತು" ಎಂದಳು. ಸನತ್‌ಕುಮಾರ ಅಲ್ಲೇ ನಿಂತಿದ್ದ.

ಅಕ್ಕ ಒಳಗೆ ಹೋದ ಮೇಲೆ ಅವನು ಕೇಳಿದ. "ನೀನು ಎಂತ ಮಾಡ್ತಾ ಇದ್ದೀ?"

ಅವಳು ಮುಚ್ಚಿಡಲಿಲ್ಲ. ಎಲ್ಲ ಹೇಳಿದಳು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸ್ವರ ಎತ್ತದ ಮನುಷ್ಯ ಅವತ್ತು ಎತ್ತಿದ.

"ನೀನು ಹೋದ ಮೇಲೆ ಆಗುವುದನ್ನು ಇದ್ದಾಗಲೇ ಮಾಡಬೇಕಾ? ಅವಳಿಗೆ ಇರುವ ನಾಲ್ಕು ದಿನ ಆದರೂ ಅಮ್ಮ ಬೇಡವಾ?"

"ಆ ನಾಲ್ಕು ದಿನಕ್ಕೆ ಅವಳು ನಾಲ್ಕು ವರ್ಷ ಅಳಬೇಕು. ಈಗ ಮಾಡಿದರೆ ಸರಿಯಾಗ್ತದಾ ಇಲ್ಲವಾ ಅಂತ ನಾನೇ ನೋಡಬಹುದು. ಸರಿಯಾಗದಿದ್ದರೆ ತಿದ್ದಬಹುದು. ನಾನು ಹೋದ ಮೇಲೆ ಯಾರು ನೋಡುದು? ನೀವಾ?"

"ಮತ್ತೆ ನನಗೆ?"

ಯಶೋಧಾ ಆ ಪ್ರಶ್ನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸನತ್‌ಕುಮಾರ ಅಂಗಳಕ್ಕಿಳಿದು, ಆಗಲೇ ಒಮ್ಮೆ ಮಿಂದವನು, ಮತ್ತೆ ನಲ್ಲಿ ತಿರುಗಿಸಿ ತಲೆಯೊಡ್ಡಿ ನಿಂತ. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಆ ದಿನದಿಂದ ಹೆಂಡತಿಯ ಹತ್ತಿರ ಕೂತು ಕಾಫಿ ಕುಡಿಯುವುದನ್ನು ಬಿಟ್ಟ. ಲೋಟ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಿದ್ದ.

ವರ್ಷ ತುಂಬುವ ಹೊತ್ತಿಗೆ ಕೆಲಸ ಮುಗಿದಿತ್ತು. ತನ್ವಿ ಬೆಳಿಗ್ಗೆ ಎದ್ದವಳೇ ದೊಡ್ಡಮ್ಮನನ್ನು ಹುಡುಕುತ್ತಿದ್ದಳು. ಶಾಲೆಯ ಸುದ್ದಿ ದೊಡ್ಡಮ್ಮನಿಗೆ ಹೇಳುತ್ತಿದ್ದಳು. ಅಮ್ಮನ ಕೋಣೆಯ ಮುಂದೆ ಹೋಗುವಾಗ ಹೆಜ್ಜೆ ಮೆಲ್ಲಗಾಗುತ್ತಿತ್ತು. ಆಸ್ಪತ್ರೆಗೆ ಹೊರಟ ಅಮ್ಮನನ್ನು ನೋಡಿ ಅಳುತ್ತಿದ್ದ ಮಗು ಈಗ ನೀಲಾವತಿಯ ಸೊಂಟಕ್ಕೆ ಒರಗಿ, ಕೈ ಬೀಸಿ, ಗಾಡಿ ತಿರುಗುವ ಮೊದಲೇ ಒಳಗೆ ಓಡುತ್ತಿತ್ತು. ಯಶೋಧಾ ಗಾಡಿಯ ಕನ್ನಡಿಯಲ್ಲಿ ಅದನ್ನು ನೋಡಿದಳು. ಇನ್ನು ತಾನು ಹೋಗಬಹುದು ಅಂದುಕೊಂಡಳು.

ಆದರೆ ಅವಳು ಹೋಗಲಿಲ್ಲ.

"ಔಷಧ ಚೆನ್ನಾಗಿ ಹಿಡಿದಿದೆ," ಎಂದರು ಡಾಕ್ಟರಮ್ಮ ಸ್ಕ್ಯಾನ್ ನೋಡಿ. "ಹೊಸತು ಎಲ್ಲಿಯೂ ಇಲ್ಲ. ಇದೇ ಮಾತ್ರೆ ಮುಂದುವರಿಸುವ." ಆರು ತಿಂಗಳ ಮೇಲೆ ಅದೇ ಮಾತು. ಮತ್ತೆ ಆರು ತಿಂಗಳ ಮೇಲೂ ಅದೇ. ಸೊಂಟದ ನೋವು ಕಡಿಮೆಯಾಯಿತು. ಅವಳು ಸೊಸೈಟಿಯ ಮಹಾಸಭೆಗೆ ಹೋಗಿ ಬಂದಳು, ಬಸದಿಗೆ ನಡೆದೇ ಹೋದಳು. ಊರವರು, "ಈಗ ಮುಖದಲ್ಲಿ ಕಳೆ ಬಂದಿದೆ" ಎಂದರು. ತನ್ವಿ ಮೂರನೇ ಕ್ಲಾಸಿಗೆ ಹೋದಳು. ಮಗಳ ಹಾಲುಹಲ್ಲುಗಳು ಬಿದ್ದು, ತಾನು ನೋಡುವುದೇ ಇಲ್ಲ ಎಂದುಕೊಂಡಿದ್ದ ಹೊಸ ಹಲ್ಲುಗಳು ಬಂದವು. ಬಿದ್ದ ಹಲ್ಲುಗಳನ್ನು ಮಾಡಿನ ಮೇಲೆ ಎಸೆಯಲು ತನ್ವಿ ನೀಲಾವತಿಯನ್ನು ಕರೆದುಕೊಂಡು ಹೋಗಿದ್ದಳು.

ಬದುಕುತ್ತಿದ್ದೇನೆ ಎಂದು ನಂಬಿಕೆ ಬಂದ ಮೇಲೆ ಯಶೋಧಾಳಿಗೆ ಮಗಳು ಬೇಕೆನಿಸಿತು. ಹಾಗೆ ಬೇಕೆನಿಸಿದ್ದು ಹಸಿವಿನ ಹಾಗೆ ಇತ್ತು, ನಾಚಿಕೆಯೂ ಆಗುತ್ತಿತ್ತು. ಒಂದು ಭಾನುವಾರ ಅವಳು ಬಾಚಣಿಗೆ ಹಿಡಿದು, "ಬಾ ತನ್ವಿ, ನಾನು ಜಡೆ ಹಾಕ್ತೇನೆ" ಎಂದಳು. ತನ್ವಿ ಒಮ್ಮೆ ಅಡಿಗೆಮನೆಯ ಕಡೆ ನೋಡಿ, ಬಂದು ಕೂತಳು. ಬೆನ್ನು ನೆಟ್ಟಗೆ, ಕೈಗಳು ತೊಡೆಯ ಮೇಲೆ, ಶಾಲೆಯಲ್ಲಿ ಫೋಟೋ ತೆಗೆಸಲು ಕೂತಂತೆ. ಔಷಧದಿಂದ ಯಶೋಧಾಳ ಬೆರಳ ತುದಿಗಳು ಜೋಮು ಹಿಡಿದಿದ್ದವು. ಕೂದಲು ಕೈಯಲ್ಲಿ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಷ್ಟು ಬಿಗಿದರೂ ಜಡೆ ಸಡಿಲವಾಯಿತು. ತನ್ವಿ ಮುಟ್ಟಿ ನೋಡಿ, "ಚಂದ ಆಗಿದೆ" ಎಂದು ಎದ್ದು ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಯಶೋಧಾ ನೀರಿಗೆಂದು ಹಿಂದಿನ ಬಾಗಿಲಿಗೆ ಹೋದಾಗ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀಲಾವತಿ ಕೂತಿದ್ದಳು, ಅವಳ ಕಾಲಿನ ನಡುವೆ ತನ್ವಿ. ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದರು.

"ಅಮ್ಮನಿಗೆ ಗೊತ್ತಾಗದ ಹಾಗೆ ಅದೇ ರಿಬ್ಬನ್ ಹಾಕು," ಎನ್ನುತ್ತಿದ್ದಳು ತನ್ವಿ. "ಪಾಪ ಅವರು."

ಯಶೋಧಾ ಒಳಗೆ ಬಂದು ಗೋಡೆಗೆ ಒರಗಿದಳು. ಮನೆಯಲ್ಲಿ ಎಲ್ಲರೂ ತುಳುವಿನಲ್ಲೇ ಮಾತಾಡುವವರು. ತುಳುವಿನಲ್ಲಿ ಮಕ್ಕಳು ತಾಯಿಗೆ ಏಕವಚನದಲ್ಲಿ 'ಈ', ಅಂದರೆ ನೀನು, ಎನ್ನುತ್ತಾರೆ. ದೊಡ್ಡವರಿಗೆ, ನೆಂಟರಿಗೆ, ಟೀಚರಿಗೆ 'ಈರ್', ಅಂದರೆ ನೀವು, ಎನ್ನುತ್ತಾರೆ. ತನ್ವಿ ದೊಡ್ಡಮ್ಮನಿಗೆ 'ಈ' ಎನ್ನುತ್ತಿದ್ದಳು. ತನಗೆ ಬಹುವಚನ ಯಾವಾಗ ಶುರುವಾಯಿತೆಂದು ಯಶೋಧಾ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಮಗುವಿಗೆ ಯಾರೂ ಕಲಿಸಿರಲಿಲ್ಲ.

ಅದೇ ವರ್ಷ ಜಯಪ್ರಕಾಶನ ಹೆಂಡತಿಗೆ ಹೆರಿಗೆಯಾಗಿ ನೀಲಾವತಿ ಹತ್ತು ದಿನಕ್ಕೆ ಮುಂಡಾಜೆಗೆ ಹೋದಳು. ಯಶೋಧಾ ಆ ಹತ್ತು ದಿನಕ್ಕಾಗಿ ಒಳಗೊಳಗೇ ಕಾದಿದ್ದಳು. ಮೊದಲ ದಿನ ಮಗಳಿಗೆ ಇಷ್ಟವೆಂದು ಸೌತೆಕಾಯಿ ಹಾಕಿ ಆವಿಯಲ್ಲಿ ಬೇಯಿಸುವ ಸಿಹಿ ಗಟ್ಟಿ ಮಾಡಿದಳು, ಬೆಲ್ಲ ಹೆಚ್ಚು ಹಾಕಿ. ತನ್ವಿ ಎರಡು ತಿಂದು, ತಟ್ಟೆ ತಾನೇ ತೊಳೆದಿಟ್ಟಳು. "ಪಾಠ ಓದಿಸಲಾ?" ಎಂದರೆ "ಆಯ್ತು ಓದಿದ್ದು" ಎಂದಳು. ಮಲಗಲು ಕರೆದರೆ ಬಂದು ಪಕ್ಕದಲ್ಲಿ ಮಲಗಿದಳು, ನಡುವೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು. ಯಾವುದಕ್ಕೂ ಬೇಡವೆನ್ನಲಿಲ್ಲ. ಹಟ ಮಾಡಿದ್ದರೆ, ಕಿರುಚಿದ್ದರೆ, ಆಗ ಯಾಕೆ ನನ್ನನ್ನು ದೂಡಿದೆ ಎಂದು ಕೇಳಿದ್ದರೆ ಯಶೋಧಾ ಅವಳ ಕಾಲಿಗೆ ಬೇಕಾದರೂ ಬೀಳುತ್ತಿದ್ದಳು.

ನಾಲ್ಕನೇ ದಿನ ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ತನ್ವಿಗೆ ಜ್ವರ. ಅಸ್ಕರ್ ಕರೆದುಕೊಂಡು ಬಂದ. ಮೈ ಕೆಂಡದ ಹಾಗಿತ್ತು. ಯಶೋಧಾ ಒದ್ದೆ ಬಟ್ಟೆ ಹಣೆಗೆ ಹಾಕಿ ಪಕ್ಕದಲ್ಲಿ ಕೂತಳು. ಕಣ್ಣು ಮುಚ್ಚಿದ್ದ ಮಗು "ದೊಡ್ಡಮ್ಮಾ" ಎಂದಿತು. "ನಾನು ಅಮ್ಮ" ಎಂದಳು ಯಶೋಧಾ. ತನ್ವಿ ಕಣ್ಣು ತೆರೆದು, ಅವಳನ್ನು ಗುರುತಿಸಿ, ಕಷ್ಟಪಟ್ಟು ಬದಿಗೆ ಸರಿದಳು.

"ನೀವು ಹತ್ತಿರ ಬರಬೇಡಿ ಅಮ್ಮ. ನಿಮಗೆ ಜ್ವರ ತಾಗಿದರೆ ಆಸ್ಪತ್ರೆಗೆ ಸೇರಿಸಬೇಕಾಗ್ತದೆ."

"ತಾಗಲಿ ಮಗಾ. ನನಗೆ ಏನೂ ಆಗುದಿಲ್ಲ."

"ಬೇಡ. ದೊಡ್ಡಮ್ಮ ಯಾವಾಗ ಬರುದು?"

ಮರುದಿನ ಮಧ್ಯಾಹ್ನ ನೀಲಾವತಿ ಹೆತ್ತವಳನ್ನೂ ಹಸುಗೂಸನ್ನೂ ಬಿಟ್ಟು ಬಸ್ಸು ಹಿಡಿದು ಬಂದಳು. ಗೇಟಿನ ಸದ್ದು ಕೇಳಿದ್ದೇ ತನ್ವಿ ಎದ್ದು ಕೂತು ಜೋರಾಗಿ ಅಳತೊಡಗಿದಳು. ಐದು ದಿನ ಕಟ್ಟಿಹಿಡಿದದ್ದೆಲ್ಲ ಹೊರಗೆ ಬಂತು. ನೀಲಾವತಿ ಚೀಲ ಕೆಳಗಿಡದೆಯೇ ಅವಳನ್ನು ಅಪ್ಪಿಕೊಂಡಳು. ಆಮೇಲೆ ತಂಗಿ ಬಾಗಿಲಲ್ಲಿ ನಿಂತಿರುವುದು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈ ಸಡಿಲಿಸಿದಳು. ಯಶೋಧಾ ಹೊರಗೆ ಕಟ್ಟೆಗೆ ಹೋದಳು. ಅವತ್ತು ಅಂಗಡಿಗೆ ಹೋಗದ ಸನತ್‌ಕುಮಾರ ಅಲ್ಲಿ ಕಾಫಿ ಹಿಡಿದು ಕೂತಿದ್ದ.

"ನಾನು ಸಾಯದೆ ತಪ್ಪು ಮಾಡಿದೆ," ಎಂದಳು.

ಅವನು ಲೋಟ ಕೆಳಗಿಟ್ಟ. ಅವಳ ಜೋಮು ಹಿಡಿದ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಎರಡು ವರ್ಷದಲ್ಲಿ ಮೊದಲ ಸಲ. ಆದರೆ ಅವಳಿಗೆ ಅವನ ಕೈಯ ಬಿಸಿ ತಿಳಿಯಲಿಲ್ಲ.

ಜ್ವರ ಬಿಟ್ಟ ಮೇಲೆ ನೀಲಾವತಿ ತಾನೇ ಬಂದು ಹೇಳಿದಳು. "ನಾನು ಮುಂಡಾಜೆಗೆ ಹೋಗ್ತೇನೆ ಯಶು. ಎರಡು ಮೂರು ತಿಂಗಳು ಅಳ್ತಾಳೆ. ಆಮೇಲೆ ನಿನ್ನ ಹತ್ತಿರ ಬರ್ತಾಳೆ. ಮಕ್ಕಳಲ್ಲವಾ."

ನಲವತ್ತೆರಡರ ಪ್ರಾಯದಲ್ಲಿ, ಕೇಳದೆ ಸಿಕ್ಕ ಮಗು ಅದು. ಹಿಂದೆ ಕೊಟ್ಟು ಹೋಗುತ್ತೇನೆನ್ನಲು ಅವಳಿಗೆ ಎಷ್ಟು ದಿನ ಬೇಕಾಗಿರಬಹುದೆಂದು ಯಶೋಧಾಳಿಗೆ ಗೊತ್ತಿತ್ತು. ಹೂಂ ಎನ್ನುವ ಮಾತು ಅವಳ ನಾಲಿಗೆಯ ಮೇಲಿತ್ತು. ಆದರೆ ಎರಡು ಮೂರು ತಿಂಗಳ ಅಳು ಎಂದಾಗ ಕಣ್ಣ ಮುಂದೆ ಬಂದದ್ದು ಮುಂಡಾಜೆಯ ರಸ್ತೆ. ಮಗು ಅತ್ತು ಅತ್ತು ಕೊನೆಗೆ ತನ್ನ ಹತ್ತಿರ ಬಂದಮೇಲೆ ಔಷಧ ಹಿಡಿಯದೆ ಹೋದರೆ? ಆಗ ಅದು ಎರಡನೇ ಸಲ ಅಳಬೇಕು.

"ನೀನು ಎಲ್ಲಿಗೂ ಹೋಗಬೇಡ," ಎಂದಳು. ಅಕ್ಕನ ಮುಖದಲ್ಲಿ ಆಗ ಬಂದ ನೆಮ್ಮದಿಯನ್ನು ಅವಳು ನೋಡಿಯೂ ನೋಡದವಳಂತೆ ಇದ್ದಳು.

ಕಳೆದ ಕಾರ್ತಿಕದಲ್ಲಿ ಅವಳಿಗೆ ಊಟ ಸೇರದಾಯಿತು. ಬಲ ಪಕ್ಕೆಲುಬಿನ ಕೆಳಗೆ ಭಾರ ಶುರುವಾಯಿತು. ಸ್ಕ್ಯಾನಿನಲ್ಲಿ ಲಿವರಿನಲ್ಲಿ ಮೂರು ಕಡೆ ಕಂಡಿತು. ಮಾತ್ರೆ ಕೆಲಸ ಮಾಡುವುದು ನಿಲ್ಲಿಸಿದೆ, ಬೇರೆ ಕೀಮೋ ಕೊಟ್ಟು ನೋಡುವ ಎಂದರು ಡಾಕ್ಟರಮ್ಮ. ಈ ಸಲ ಯಶೋಧಾ ಎಷ್ಟು ಸಮಯವೆಂದು ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ.

ತನ್ವಿಗೆ ಈಗ ಒಂಬತ್ತು. ವಿಷಯ ತಿಳಿಸಿದಾಗ ಅವಳು ಗಂಭೀರವಾಗಿ ಕೇಳಿಸಿಕೊಂಡು, "ನೋವಾಗ್ತದಾ ಅಮ್ಮ ನಿಮಗೆ?" ಎಂದಳು. ಆಮೇಲೆ ಹೋಮ್‌ವರ್ಕ್ ಮಾಡಲು ಹೋದಳು.

"ಅವಳಿಗೆ ಹೇಳುವ," ಎಂದ ಸನತ್‌ಕುಮಾರ. "ನೀನು ಯಾಕೆ ಹಾಗೆ ಮಾಡಿದ್ದು ಅಂತ. ಈಗ ಅರ್ಥ ಆಗುವ ಪ್ರಾಯ. ನೀನು ಹೇಳದಿದ್ದರೆ ನಾನು ಹೇಳ್ತೇನೆ."

"ಹೇಳಿದರೆ ಎಂತ ಆಗ್ತದೆ?"

"ನಿನ್ನ ಹತ್ತಿರ ಬರ್ತಾಳೆ."

"ಬಂದು?"

ಅವನು ಸ್ಕ್ಯಾನಿನ ಕಾಗದಗಳನ್ನು ಮತ್ತೆ ಚೀಲಕ್ಕೆ ತುಂಬಿಸತೊಡಗಿದ.

"ಬಂದು ಅಳ್ತಾಳೆ," ಎಂದಳು ಯಶೋಧಾ. "ಅಳಬಾರದು ಅಂತಲೇ ಇಷ್ಟು ಮಾಡಿದ್ದು. ಮಾಡಿದ್ದು ಸರಿಯಾಗಿ ಮುಗಿದಿದೆ. ಇನ್ನು ಕೈ ಹಾಕಬೇಡಿ. ನಾನು ಹೋದ ಮೇಲೂ ಹೇಳಬೇಡಿ. ಮದುವೆ ಆಗಿ ಮಕ್ಕಳಾದ ಮೇಲೆ ಸಹ."

ಹೊಸ ಕೀಮೋದ ಮೊದಲ ದಿನ ಆಸ್ಪತ್ರೆಯಲ್ಲಿ ಹೊಸ ಫೈಲು ಮಾಡಿದರು. ಹಳೆಯ ಸಿಸ್ಟರುಗಳು ಯಾರೂ ಇರಲಿಲ್ಲ. ಪ್ರಾಯದ ಹುಡುಗಿಯೊಬ್ಬಳು ಹಾಳೆ ಹಿಡಿದು ಮಂಚದ ಹತ್ತಿರ ನಿಂತು ಒಂದೊಂದಾಗಿ ಕೇಳತೊಡಗಿದಳು. ಹೆಸರು, ಪ್ರಾಯ, ಹಿಂದಿನ ಆಪರೇಶನ್, ಯಾವುದಾದರೂ ಔಷಧಕ್ಕೆ ಅಲರ್ಜಿ ಉಂಟಾ. ಸನತ್‌ಕುಮಾರ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ.

"ಮಕ್ಕಳು?"

"ಒಬ್ಬಳು ಮಗಳು," ಎಂದಳು ಯಶೋಧಾ.

"ಸಣ್ಣವಳಾ? ಮನೆಯಲ್ಲಿ ಯಾರು ನೋಡಿಕೊಳ್ಳುದು?"

"ಅವಳು ನನ್ನ ಅಕ್ಕನ ಹತ್ತಿರ ಇರುದು. ಸಣ್ಣಂದಿನಿಂದ ಅಲ್ಲಿಯೇ ಬೆಳೆದದ್ದು."

"ಓ, ಹಾಗಾ. ಹಾಗಾದರೆ ನಿಮಗೆ ಅಷ್ಟು ತೊಂದರೆ ಇಲ್ಲ," ಎಂದು ಸಿಸ್ಟರು ಬರೆದುಕೊಂಡಳು. "ರಜೆಯಲ್ಲಿ ನೋಡಲಿಕ್ಕೆ ಬರ್ತಾಳಾ?"

"ಬರ್ತಾಳೆ," ಎಂದಳು ಯಶೋಧಾ, ಸೂಜಿಗೆ ಕೈ ಚಾಚುತ್ತಾ. "ತುಂಬ ಒಳ್ಳೆ ಹುಡುಗಿ. ಬಂದಾಗಲೆಲ್ಲ ನೋವು ಉಂಟಾ ಅಂತ ಕೇಳ್ತಾಳೆ."

ಸನತ್‌ಕುಮಾರ ನೀರು ತರುತ್ತೇನೆಂದು ಎದ್ದು ಹೋದ. ಔಷಧ ಮುಗಿಯಲು ನಾಲ್ಕು ಗಂಟೆ ಹಿಡಿಯಿತು. ಬಹಳ ಹೊತ್ತು ಅವನು ಹಿಂದೆ ಬರಲಿಲ್ಲ.